ತಮ್ಮನ ಪರವಾಗಿ

ಫೋನು ಬಡಿದುಕೊಳ್ಳಲು ಶುರುವಾದಾಗ ಭಾನುಮತಿಯ ಕೈಯಲ್ಲಿ ಇನ್ನೂ ಒಂದಷ್ಟು ಸೇವಂತಿಗೆ ಉಳಿದಿತ್ತು. ಸೂಪರ್ ಮಾರ್ಕೆಟ್ಟಿನಿಂದ ತಮ್ಮನ ಮಗಳು ದಿಯಾ ತಂದುಕೊಟ್ಟಿದ್ದ ವಾಸನೆಯಿಲ್ಲದ ಹೂ. ಅಮೆರಿಕದ ಪಾರ್ಸಿಪನಿಯ ಆ ಮನೆಯಲ್ಲಿ ದೇವರಿಗೆ ಸಿಕ್ಕಿದ್ದು ಅಡುಗೆಮನೆಯ ಒಂದು ಕಪಾಟು. ಫೋನು ಅದರ ಪಕ್ಕದ ಗೋಡೆಗೇ ತೂಗುಬಿದ್ದಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಅವಳು ಚಾಚಲಿಲ್ಲ. ಭಾನುವಾರ ಬೆಳಿಗ್ಗೆ ಈ ಹೊತ್ತಿಗೆ ಈ ಮನೆಗೆ ಫೋನು ಮಾಡುವವರು ಬೇರೆ ಯಾರೂ ಇಲ್ಲ. ತಮ್ಮ ಮುಕುಂದನ ಪಕ್ಕದಲ್ಲಿ ಅವನ ಹೆಂಡತಿ ಚಿತ್ರಾ ನಿನ್ನೆಯಿಂದ ಆಸ್ಪತ್ರೆಯಲ್ಲೇ ಇದ್ದಾಳೆ. ಸುದ್ದಿ ಕಿವಿಗೆ ಬಿದ್ದ ಕ್ಷಣದಿಂದ ಸೂತಕ. ಬೀಳುವ ತನಕ ಇಲ್ಲ. ಶಾಸ್ತ್ರ ಹಾಗೆ ಹೇಳುತ್ತದೆ. ಅವಳು ಒಂದೊಂದೇ ಹೂವನ್ನು ನಾರಾಯಣನ ಪಾದಕ್ಕೆ ಏರಿಸಿದಳು, ಕರ್ಪೂರ ಹಚ್ಚಿದಳು. ಫೋನು ನಿಂತಿತು. ಮತ್ತೆ ಶುರುವಾಯಿತು. ಕರ್ಪೂರದ ಹೊಗೆ ಚಾವಣಿಯ ಸ್ಮೋಕ್ ಅಲಾರ್ಮಿನ ಕಡೆಗೆ ಏರುತ್ತಿತ್ತು. ಅದರ ಬ್ಯಾಟರಿಯನ್ನು ಮುಕುಂದ ಅವಳು ಬಂದ ದಿನವೇ ಕಿತ್ತಿಟ್ಟಿದ್ದ. "ಫೈರ್ ಡಿಪಾರ್ಟ್‌ಮೆಂಟಿನವರು ಬಂದು ನಿನ್ನ ದೇವರ ಮೇಲೆ ನೀರು ಹೊಡೀಬಾರದಲ್ಲ ಅಕ್ಕ" ಎಂದು ನಕ್ಕಿದ್ದ. ಕರ್ಪೂರ ಪೂರ್ತಿ ಉರಿದು ಕಪ್ಪು ಕಲೆಯಾಗುವ ತನಕ ಕಾದು, ಕಣ್ಣಿಗೊತ್ತಿಕೊಂಡು, ಆಮೇಲೆ ಅವಳು ಫೋನು ಎತ್ತಿದಳು.

"ಅಕ್ಕಾ, ಹೋಗ್ಬಿಟ್ರು" ಎಂದಳು ಚಿತ್ರಾ. ಆಮೇಲೆ ಉಸಿರು ಮಾತ್ರ ಕೇಳಿಸಿತು. ಅದರ ಹಿಂದೆ ಯಾವುದೋ ಯಂತ್ರದ ಗಾಲಿಗಳು ಉರುಳುವ ಸದ್ದು. "ಹಾರ್ಟ್ ಅಂತ ಹೇಳಿ. ಯಾರು ಕೇಳಿದ್ರೂ ಹಾರ್ಟ್ ಅಂತಲೇ. ದಿಯಾಗೂ."

"ಹೂಂ" ಎಂದಳು ಭಾನುಮತಿ. ತಮ್ಮ ಸತ್ತ ಸುದ್ದಿ ಕೇಳಿ ಮೊದಲು ಬಾಯಿಂದ ಬಂದದ್ದು ಅದು. ಮೊದಲು ಮನಸ್ಸಿಗೆ ಬಂದದ್ದು ಅದಕ್ಕಿಂತಲೂ ಕೆಟ್ಟದ್ದು. ಆಸ್ಪತ್ರೆಯ ಕಾಗದದಲ್ಲಿ ಏನು ಬರೆದಿರಬಹುದು ಎಂಬ ಯೋಚನೆ ಅದು. ದುಃಖ ಅದರ ಹಿಂದೆ, ಬಾಗಿಲ ಹೊರಗೆ ಚಪ್ಪಲಿ ಕಳಚುತ್ತ ನಿಂತ ನೆಂಟನಂತೆ, ಇನ್ನೂ ಒಳಗೆ ಬಂದಿರಲಿಲ್ಲ. ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಅರವತ್ತೆಂಟು ವರ್ಷ ಬದುಕಿದವಳು, ಆಯುಷ್ಯವೆಲ್ಲ ರೋಗಿಗಳ ನಾಡಿ ಹಿಡಿದವಳು, ದಿನಕ್ಕೆ ಮೂರು ಹೊತ್ತು ದೇವರ ಮುಂದೆ ಕೂರುವವಳು. ಇಷ್ಟೆಲ್ಲ ಆಗಿ ಒಳಗೆ ಉಳಿದದ್ದು ಇದು.

ಮೆಟ್ಟಿಲು ಹತ್ತಬೇಕಿತ್ತು. ಮೇಲೆ ದಿಯಾ ಮಲಗಿದ್ದಳು, ಹದಿನಾರು ವರ್ಷದ ಹುಡುಗಿ, ಅಪ್ಪನ ಹಾಗೆಯೇ ಮುಖದ ಮೇಲೆ ತೋಳು ಹಾಕಿಕೊಂಡು ಮಲಗುವವಳು. ರತ್ನಗಂಬಳಿ ಹಾಸಿದ ಮೆಟ್ಟಿಲು ಕಾಲಿಗೆ ಸದ್ದು ಕೊಡುತ್ತಿರಲಿಲ್ಲ. ಈ ಮನೆಯಲ್ಲಿ ಯಾರು ಯಾವಾಗ ಎಲ್ಲಿ ನಡೆದರೂ ತಿಳಿಯದು. ಅದಕ್ಕೇ ಮುಕುಂದನಿಗೆ ಇಷ್ಟು ವರ್ಷ ಅನುಕೂಲವಾಯಿತೇನೋ. ಕಿಟಕಿಯಾಚೆ ಹಿಮ, ಅದರ ಮೇಲೆ ನಾಲ್ಕು ದಿನದ ಕೊಳೆ. ಬುಧವಾರ ಅದು ಬೆಳ್ಳಗಿತ್ತು. ಕಾರಿನ ಮೇಲಿನ ಮಂಜು ಕೆರೆದು ಬರುತ್ತೇನೆಂದು ಹೊರಗೆ ಹೋದವನು ಡ್ರೈವ್‌ವೇಯಲ್ಲಿ ಜಾರಿ ಬಿದ್ದಿದ್ದ. ತೊಡೆಯ ಮೂಳೆ. ಚಿತ್ರಾ ಮ್ಯಾನ್‌ಹ್ಯಾಟನ್ನಿಂದ ಬರುವ ಬಸ್ಸಿನಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದಳು. ಎದುರು ಮನೆಯ ಸುರೇಶ ಓಡಿ ಬಂದು ಆಂಬುಲೆನ್ಸಿಗೆ ಫೋನು ಮಾಡಿ ಭಾನುಮತಿಯ ಜೊತೆಗೇ ಆಸ್ಪತ್ರೆಗೆ ಬಂದ. ಪರದೆ ಎಳೆದ ಆ ಸಣ್ಣ ಜಾಗದಲ್ಲಿ ಮಂಚ, ಸುರೇಶ, ಅವಳು. ಎಳೆಯ ವಯಸ್ಸಿನ ಡಾಕ್ಟರು ಹಲಗೆಗೆ ಸಿಕ್ಕಿಸಿದ ಕಾಗದ ನೋಡಿಕೊಂಡು ಒಂದೊಂದೇ ಕೇಳುತ್ತ ಹೋದ. ಸಕ್ಕರೆ ಕಾಯಿಲೆ ಉಂಟೇ, ಬಿ.ಪಿ. ಉಂಟೇ, ಯಾವುದಾದರೂ ಔಷಧಿ ಆಗುವುದಿಲ್ಲವೇ. ಆಮೇಲೆ ಅದೇ ದನಿಯಲ್ಲಿ, "ಡು ಯು ಡ್ರಿಂಕ್ ಆಲ್ಕೋಹಾಲ್, ಸರ್?"

ಮುಕುಂದ ಬಾಯಿ ತೆರೆದ. ಇದು ಅವಳಿಗೆ ಚೆನ್ನಾಗಿ ನೆನಪಿದೆ. ತುಟಿ ಒಣಗಿ ಅಂಟಿಕೊಂಡಿತ್ತು; ಬಿಡಿಸಿಕೊಂಡು ತೆರೆದ. ಏನೋ ಹೇಳುವವನಿದ್ದ. ಅಷ್ಟರಲ್ಲಿ ಅವಳು ಹೇಳಿಬಿಟ್ಟಳು. "ನೋ. ನೆವರ್. ನಮ್ಮ ಮನೆತನದಲ್ಲೇ ಆ ಅಭ್ಯಾಸವಿಲ್ಲ. ನಾನು ಇವನ ಅಕ್ಕ, ನಾನೂ ಡಾಕ್ಟರು." ಇಂಗ್ಲಿಷಿನಲ್ಲಿ, ವಾರ್ಡು ನಡೆಸುತ್ತಿದ್ದ ಕಾಲದ ಗಟ್ಟಿ ದನಿಯಲ್ಲಿ. ಹುಡುಗ ಡಾಕ್ಟರು "ಥ್ಯಾಂಕ್ ಯು, ಡಾಕ್ಟರ್" ಎಂದು ಗೌರವದಿಂದ ಗುರುತು ಹಾಕಿಕೊಂಡ. ಸುರೇಶ ತನ್ನ ಬೂಟು ನೋಡಿಕೊಂಡ. ಮುಕುಂದ ತೆರೆದ ಬಾಯಿ ಮುಚ್ಚಿ, ಕಣ್ಣೂ ಮುಚ್ಚಿದ. ಅಕ್ಕ ಕಾಪಾಡಿದಳೆಂಬ ನೆಮ್ಮದಿಯೋ, ಇನ್ನು ಹೇಳಿ ಫಲವಿಲ್ಲವೆಂಬ ದಣಿವೋ, ಆ ಮುಖದಲ್ಲಿ ಇದ್ದದ್ದು ಯಾವುದು? ನಾಲ್ಕು ದಿನಗಳಿಂದ ಅವಳು ಆ ಮುಚ್ಚಿದ ಕಣ್ಣುಗಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಳೆ. ಅವನು ಏನು ಹೇಳಲಿದ್ದ? "ಇಲ್ಲ" ಎಂದೇ ಹೇಳಲಿದ್ದನೇನೋ. ಹಾಗಿದ್ದರೆ ತನ್ನದು ಅರ್ಧ ತಪ್ಪು. "ಹೌದು" ಎನ್ನಲಿದ್ದರೆ?

ದಿಯಾ ಎಚ್ಚರವಾಗಿಯೇ ಇದ್ದಳು. ಬಾಗಿಲಲ್ಲಿ ನಿಂತ ಅತ್ತೆಯ ಮುಖ ನೋಡಿ ಎದ್ದು ಕುಳಿತಳು. "ಅಪ್ಪ?" ಎಂದಳು. ಭಾನುಮತಿ ತಲೆಯಾಡಿಸಿದಳು. "ಹಾರ್ಟ್" ಎಂದಳು, ಕಲಿಸಿದ ಪಾಠ ಒಪ್ಪಿಸುವ ಹಾಗೆ. ಹುಡುಗಿ ಅಳಲಿಲ್ಲ. ಗೋಡೆಯನ್ನೇ ನೋಡುತ್ತ, "ವಾಸ್ ಇಟ್ ಬಿಕಾಸ್ ಹಿ ಫೆಲ್?" ಎಂದು ಕೇಳಿದಳು. ಭಾನುಮತಿಗೆ ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇದೆ ಎನ್ನಿಸಿತು. ರೋಗಿಗಳು ಹೊಟ್ಟೆನೋವು ಎಂದು ಬಂದು ಬೇರೆಯದನ್ನೇ ಕೇಳಲು ಕಾಯುತ್ತಾರಲ್ಲ, ಹಾಗೆ. "ಬಿದ್ದರೆ ಯಾರೂ ಸಾಯಲ್ಲ ಮಗು" ಎಂದಳು. ಅದು ಸಮಾಧಾನವಾಗಲಿಲ್ಲ. ದಿಯಾ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು.

ಹತ್ತು ಗಂಟೆಯ ಹೊತ್ತಿಗೆ ಮನೆ ತುಂಬಿತು. ಬಾಗಿಲ ಬಳಿ ಬೂಟುಗಳ ರಾಶಿ, ಕರಗಿದ ಹಿಮದ ನೀರು. ಸೂತಕದ ಮನೆಯಲ್ಲಿ ಒಲೆ ಹಚ್ಚಬಾರದೆಂದು ಸುರೇಶನ ಹೆಂಡತಿ ನೀತಾ ಅಲ್ಯೂಮಿನಿಯಂ ಟ್ರೇಗಳಲ್ಲಿ ಉಪ್ಪಿಟ್ಟು ತಂದಳು. ಅದರ ಹಿಂದೆಯೇ ಇನ್ಯಾರೋ ಮೊಸರನ್ನ ತಂದರು. ಚಿತ್ರಾಳನ್ನು ಆಸ್ಪತ್ರೆಯಿಂದ ಕರೆತಂದು ಸೋಫಾದ ಮೂಲೆಗೆ ಕೂರಿಸಿದ್ದರು. ಅವಳು ಇನ್ನೂ ಕೋಟು ಬಿಚ್ಚಿರಲಿಲ್ಲ. ಪುರೋಹಿತರು ಮಂಗಳವಾರ ಸಿಗುತ್ತಾರಂತೆ, ಆದರೆ ವೀಕೆಂಡಿಗೆ ಇಟ್ಟುಕೊಂಡರೆ ಎಲ್ಲರಿಗೂ ಬರಲು ಅನುಕೂಲ ಎಂದು ಒಬ್ಬರು. ಛೆ, ಅಷ್ಟು ದಿನ ಶವ ಕಾಯಿಸಬಾರದು ಎಂದು ಇನ್ನೊಬ್ಬರು. ಎಡಿಸನ್ ಊರಿನಿಂದ ಬಂದಿದ್ದ ದಪ್ಪ ಮನುಷ್ಯರು ಸೋಫಾದ ತೋಳಿನ ಮೇಲೆ ಕುಳಿತು, "ನೋಡಿ, ಐವತ್ತು ದಾಟಿದ ಮೇಲೆ ದಿನಾ ಒಂದು ಬೇಬಿ ಆಸ್ಪಿರಿನ್ ತಗೋಬೇಕು. ನಾನು ತಪ್ಪದೆ ತಗೋತೀನಿ" ಎಂದರು.

"ನೀವು ತಪ್ಪದೆ ತಗೊಳ್ಳೋದು ಅದೊಂದೇನಾ?" ಎಂದು ಹಿಂದಿನಿಂದ ಯಾರೋ ಅಂದರು. ನಗಬಾರದ ಕಡೆ ಬಂದ ನಗೆಯನ್ನು ಇಬ್ಬರು ಮೂವರು ಕೆಮ್ಮಾಗಿ ತಿರುಗಿಸಿಕೊಂಡರು.

"ಮುಕುಂದ್ ಅಂತೂ ಒಂದು ಬಿಯರ್ ಮುಟ್ಟಿದವರಲ್ಲ" ಎಂದ ಸುರೇಶ, ಯಾರ ಕಡೆಗೂ ನೋಡದೆ. "ಸಿಗರೇಟಿಲ್ಲ, ಮೊಟ್ಟೆ ಸಹ ಇಲ್ಲ. ಅಂಥವರಿಗೇ ಹೀಗಾಗೋದು. ಅಲ್ವಾ ಡಾಕ್ಟ್ರಮ್ಮ?"

ಭಾನುಮತಿ ಉಪ್ಪಿಟ್ಟಿನ ಟ್ರೇಗೆ ಮುಚ್ಚಳ ಹಾಕುತ್ತಿದ್ದಳು. ಅವಳು ಬಂದ ಮೇಲೆ ದೀಪಾವಳಿಗೆ ಇದೇ ಜನ ಸುರೇಶನ ಮನೆಯಲ್ಲಿ ಸೇರಿದ್ದರು. ಮೇಲೆ ಹೆಂಗಸರು, ಮಕ್ಕಳು, ಭಜನೆ. ಹೊತ್ತಿಗೊಬ್ಬರಂತೆ ಗಂಡಸರು "ಫರ್ನೇಸ್ ನೋಡಿ ಬರ್ತೀವಿ" ಎಂದು ನೆಲಮಾಳಿಗೆಗೆ ಇಳಿಯುತ್ತಿದ್ದರು. ಮನೆ ಕಾಯಿಸುವ ಹೊಸ ಫರ್ನೇಸಂತೆ. ಎಲ್ಲರೂ ಎಂಜಿನಿಯರುಗಳು, ನೋಡಲಿ ಎಂದುಕೊಂಡಿದ್ದಳು. ಎರಡನೆಯ ಸಲ ಇಳಿದು ಬಂದ ಮುಕುಂದನ ಬಾಯಲ್ಲಿ ಏಲಕ್ಕಿ ಘಮಗುಟ್ಟಿತು. ಹಿಂದೆ ಅವಳು ಡಾಕ್ಟರಾಗಿದ್ದ ಆಫ್ರಿಕದ ಜಾಂಬಿಯಾದಲ್ಲಿಯೂ ಹಾಗೆಯೇ. ಅಲ್ಲಿ ಇಂಡಿಯನ್ ಕ್ಲಬ್ಬಿನ ಪರದೆಯ ಹಿಂದೆ ವಿಲಾಯಿತಿ ಬಾಟಲಿ ತೆರೆದರೆ ಅದಕ್ಕೆ ಕುಡಿತ ಎಂಬ ಹೆಸರಿರಲಿಲ್ಲ. ಕುಡಿತವೆಂದರೆ ಆ ಜನ ಡ್ರಮ್ಮುಗಳಲ್ಲಿ ಕಾಯಿಸುತ್ತಿದ್ದ ಕಚಾಸು. ಮೆಕ್ಕೆಜೋಳ, ಸಕ್ಕರೆ, ಕೈಗೆ ಸಿಕ್ಕಿದ್ದೆಲ್ಲ ಹಾಕಿ ಭಟ್ಟಿ ಇಳಿಸಿದ ಆ ಸಾರಾಯಿಯ ವಾಸನೆ ಸಂಬಳದ ಶುಕ್ರವಾರ ಸಂಜೆ ಆಸ್ಪತ್ರೆಯ ಮೊದಲ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ತಲೆ ಒಡೆದುಕೊಂಡವರು, ಹೆಂಡಿರ ತಲೆ ಒಡೆದವರು, ಪಿತ್ತಜನಕಾಂಗ ಕೆಟ್ಟು ಹೊಟ್ಟೆ ಊದಿಕೊಂಡವರು, ಕ್ಷಯದ ಮಾತ್ರೆಯನ್ನು ನಡುವೆ ಬಿಟ್ಟು ಕುಡಿಯಲು ಕೂತು ರಕ್ತ ಕಾರುತ್ತ ಮರಳಿದವರು. ಗಂಡಸರ ವಾರ್ಡಿನಲ್ಲಿ ಅರ್ಧಕ್ಕರ್ಧ ಮಂಚ ಅವರದೇ. ಪಕ್ಕದ ವಾರ್ಡಿನಲ್ಲಿ ಅವರ ಮಕ್ಕಳು, ಹೊಟ್ಟೆಗಿಲ್ಲದೆ ಕೂದಲು ಕೆಂಪಾಗಿ, ಕಾಲು ಬಾತು. ಹದಿನೈದು ವರ್ಷ ಅವಳು ಆ ಜಿಲ್ಲಾ ಆಸ್ಪತ್ರೆಯಲ್ಲಿ ಇದನ್ನು ನೋಡಿದಳು, ವರದಿ ಬರೆದಳು, ಮಾವಿನ ಮರದಡಿ ಜನರನ್ನು ಕೂರಿಸಿ ಭಾಷಣ ಮಾಡಿದಳು. ಅಲ್ಲಿಯ ಹೈಸ್ಕೂಲಿಗೆ ಗಣಿತದ ಮೇಷ್ಟರಾಗಿ ಬಂದು ಅವಳ ಮನೆಯಲ್ಲೇ ಇದ್ದ ಮುಕುಂದ ಆರು ತಿಂಗಳಲ್ಲಿ ನ್ಯಾಂಜಾ ಭಾಷೆಯನ್ನು ಅಲ್ಲೇ ಹುಟ್ಟಿದವರ ಹಾಗೆ ಕಲಿತ. ಅವಳ ಭಾಷಣಗಳಿಗೆ ಅವನೇ ದುಭಾಷಿ. ಅವಳು ಒಂದು ವಾಕ್ಯ ಹೇಳಿದರೆ ಅವನು ನಾಲ್ಕು ಹೇಳುತ್ತಿದ್ದ, ಜನ ನಗುತ್ತಿದ್ದರು. "ಕುಡಿತದ ಮೇಲೆ ಮಾತಾಡಿದ್ರೆ ಯಾಕೋ ನಗ್ತಾರೆ?" ಎಂದರೆ, "ನಗದಿದ್ರೆ ಎದ್ದು ಹೋಗ್ತಾರೆ ಅಕ್ಕ" ಎನ್ನುತ್ತಿದ್ದ. ಭಾಷಣ ಮುಗಿಸಿ ಹೆಡ್‌ಮಾಸ್ತರರ ಜಗುಲಿಗೆ ಹೋಗುತ್ತಿದ್ದ. ಅಲ್ಲಿಂದ ಬರುವಾಗ ಏಲಕ್ಕಿ.

ಗೊತ್ತಿತ್ತು. ಆಗಲೂ ಗೊತ್ತಿತ್ತು. ಆದರೆ ಅದು ಕಣ್ಣಿನ ಮುಂದಿದ್ದೂ ಹೆಸರಿಲ್ಲದ ವಸ್ತುವಾಗಿತ್ತು. ರೋಗಕ್ಕೆ ಹೆಸರಿಡುವುದೇ ಅವಳ ಕಸುಬು, ಮತ್ತು ಅವಳು ಆ ಹೆಸರನ್ನು ಬೇರೆಯವರಿಗೆ ಇಟ್ಟು ಮುಗಿಸಿದ್ದಳು. ಅವರು ಕುಡಿಯುತ್ತಾರೆ, ನಾವು ಅವರಿಗೆ ಔಷಧಿ ಕೊಡುತ್ತೇವೆ. ನರ್ಸುಗಳಿಗೆ ಅವಳು ಕಲಿಸುತ್ತಿದ್ದ ಮೊದಲ ಪಾಠವೇ ಇದು: ಕುಡಿಯುತ್ತಾನೆಯೇ ಎಂದು ಎಂದೂ ಕೇಳಬೇಡಿ. ಹಾಗೆ ಕೇಳಿದರೆ ಹೆಂಡತಿ ಇಲ್ಲ ಎನ್ನುತ್ತಾಳೆ, ತಾಯಿ ಇಲ್ಲವೇ ಇಲ್ಲ ಎನ್ನುತ್ತಾಳೆ. ಕಡೆಯ ಸಲ ಕುಡಿದದ್ದು ಯಾವಾಗ ಎಂದು ಕೇಳಿ. ಬಾಯಿ ತಪ್ಪಿಯಾದರೂ ನಿಜ ಹೊರಬೀಳುತ್ತದೆ. ಬುಧವಾರ ಆ ಎಳೆಯ ಡಾಕ್ಟರು ಬಾಯಿ ತೆರೆದಾಗ ಅವಳ ತಲೆಯೊಳಗೆ ಒಬ್ಬ ಮುದುಕಿ ಮೇಷ್ಟರು "ಕೇಳುವ ರೀತಿ ಇದಲ್ಲ ಕಣಪ್ಪ" ಎಂದು ಮೂಗು ಮುರಿದಿದ್ದಳು. ಅದೇ ಗಳಿಗೆಯಲ್ಲಿ ಅವಳ ಬಾಯಿ ಇಲ್ಲವೇ ಇಲ್ಲ ಎಂದಿತ್ತು.

ಶುಕ್ರವಾರ ಮಧ್ಯಾಹ್ನ ಅವನ ಕೈ ನಡುಗುತ್ತಿತ್ತು. ಆಪರೇಷನ್ ಆಗಿ ಒಂದು ದಿನ. ಹಣೆಯ ಮೇಲೆ ಬೆವರು, ನಾಡಿ ಓಟ. ಇನ್ಫೆಕ್ಷನ್ ಇರಬಹುದು, ನೋವಿನ ಔಷಧಿ ಒಗ್ಗದೆ ಇರಬಹುದು ಎಂದು ಅವರು ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಿದ್ದರು. ನೀತಾ ಫ್ಲಾಸ್ಕಿನಲ್ಲಿ ತಿಳಿಸಾರು ತಂದು ಕುರ್ಚಿಯಲ್ಲಿ ಕುಳಿತಿದ್ದಳು. ಮುಕುಂದ ಹೊದಿಕೆಯ ಮೇಲಿನಿಂದ ಏನನ್ನೋ ಬೆರಳಲ್ಲಿ ಹೆಕ್ಕಿ ಹೆಕ್ಕಿ ಹೊರಗೆ ಎಸೆಯುತ್ತಿದ್ದ. "ಅಕ್ಕ, ಇರುವೆ" ಎಂದ. "ಎಷ್ಟು ಇರುವೆ ನೋಡು." ಬಿಳಿಯ ಹೊದಿಕೆ, ಒಂದು ಚುಕ್ಕೆಯಿಲ್ಲ.  ಇದೇ ಹೆಕ್ಕುವಿಕೆಯನ್ನು ಭಾನುಮತಿ ಎಷ್ಟು ಮಂಚಗಳ ಮೇಲೆ ನೋಡಿಲ್ಲ. ಕುಡಿತ ಥಟ್ಟನೆ ನಿಂತ ಮೈ ಮೂರನೆಯ ದಿನ ಕಾಣುವ ಹುಳಗಳು. ಔಷಧಿ ಇದೆ. ಆ ಬಡ ಆಸ್ಪತ್ರೆಯ ಬೀರುವಿನಲ್ಲಿಯೂ ಇತ್ತು. ಎದ್ದು ನಾಲ್ಕು ಹೆಜ್ಜೆ ಹೋಗಿ ನರ್ಸಿಗೆ ಒಂದು ಮಾತು ಹೇಳಿದರೆ ಸಾಕಿತ್ತು. ನೀತಾ ಕುಳಿತಿದ್ದಳು. "ಅಂಕಲ್ ಏನಂತಿದಾರೆ ಆಂಟಿ?" ಎಂದಳು. "ಚಿಕ್ಕಂದಿನದು ಏನೋ ನೆನಪಾಗಿದೆ" ಎಂದು ಭಾನುಮತಿ ಹೇಳಿ, ಅಂಗೈಯಿಂದ ಹೊದಿಕೆ ಕೊಡವಿದಳು. "ಹೋಯ್ತು ಕಣೋ. ಎಲ್ಲಾ ಹೋಯ್ತು. ಮಲಗು." ಅವನು ಎಳೆಯ ಮಗುವಿನ ಹಾಗೆ ಅವಳ ಕೈಯನ್ನೇ ನೋಡುತ್ತಿದ್ದ. ನೀತಾ ಹೋದ ಮೇಲೆ ಹೇಳುತ್ತೇನೆ ಎಂದುಕೊಂಡಳು. ನೀತಾ ಹೋದಳು, ಚಿತ್ರಾ ಬಂದಳು. ಚಿತ್ರಾಳ ಮುಖ ನೋಡಿ, ನಾಳೆ ಎಂದುಕೊಂಡಳು. ಜಪಮಣಿ ತಿರುಗಿಸುತ್ತ ಕುಳಿತಳು. ಶನಿವಾರ ಅವನನ್ನು ಕೆಳಗಿನ ಐ.ಸಿ.ಯು.ಗೆ ಇಳಿಸಿದರು, ಮೈ ಕೆಂಡ, ಕೈಗಳನ್ನು ಮಂಚಕ್ಕೆ ಮೆತ್ತನೆಯ ಪಟ್ಟಿಯಿಂದ ಕಟ್ಟಿದ್ದರು. ಈಗ ಹೇಳಿದರೆ ಬುಧವಾರದ ಸುಳ್ಳೂ ಹೊರಬೀಳುತ್ತದೆ. ಒಂದು ದಿನದ ಸುಳ್ಳು ಮೂರು ದಿನದಲ್ಲಿ ಬೆಳೆದು ಬಾಗಿಲು ತುಂಬಿ ನಿಂತಿತ್ತು. ಅದನ್ನು ದಾಟಿ ಹೋಗಲು ಅವಳಿಂದ ಆಗಲಿಲ್ಲ.

ಫೋನು ಮತ್ತೆ ಬಂದಾಗ ಮಧ್ಯಾಹ್ನವಾಗಿತ್ತು. ನೀತಾ ಎತ್ತಿ, "ಹಾಸ್ಪಿಟಲ್ಲಿಂದ" ಎಂದಳು. ಚಿತ್ರಾ ಕುಳಿತಲ್ಲಿಂದಲೇ ಕೈ ಅಡ್ಡ ಆಡಿಸಿ, "ಅಕ್ಕನಿಗೆ ಕೊಡಿ. ಮೆಡಿಕಲ್ ಮಾತೆಲ್ಲ ಅವರಿಗೇ ಗೊತ್ತಾಗೋದು" ಎಂದಳು. ಆ ನೋಟದಲ್ಲಿ ಬೆಳಗಿನ ಮಾತೇ ಇತ್ತು. ಭಾನುಮತಿ ಅಡುಗೆಮನೆಯ ಮೂಲೆಗೆ ತಿರುಗಿ ನಿಂತಳು. ಐ.ಸಿ.ಯು.ವಿನ ಡಾಕ್ಟರು, ದಣಿದ ಮೃದು ದನಿ. ಮೊದಲು ಸಂತಾಪ ಹೇಳಿದ. ಆಮೇಲೆ, ನಮಗೆ ಒಂದು ವಿಷಯ ಬಗೆಹರಿಯುತ್ತಿಲ್ಲ, ಕ್ಷಮಿಸಿ ಮತ್ತೆ ಕೇಳುತ್ತಿದ್ದೇನೆ, ಅವರಿಗೆ ಕುಡಿಯುವ ಅಭ್ಯಾಸವಿತ್ತೇ, ಇದ್ದಿದ್ದರೆ ನಡೆದದ್ದೆಲ್ಲಕ್ಕೂ ಅರ್ಥ ಸಿಗುತ್ತದೆ ಎಂದ. ಸೋಫಾದ ಕಡೆಯವರೆಲ್ಲ ಅವಳತ್ತ ತಿರುಗಿದ್ದರು. ಎಡಿಸನ್ನಿನವರು ಮೊಸರನ್ನದ ಚಮಚೆಯನ್ನು ಎತ್ತಿ ಹಿಡಿದೇ ಇದ್ದರು.

"ನಾನು ಆಮೇಲೆ..." ಎಂದು ಅವಳು ಶುರುಮಾಡಿದಳು.

"ಯೆಸ್" ಎಂದಿತು ಇನ್ನೊಂದು ದನಿ, ಫೋನಿನೊಳಗಿಂದಲೇ, ಕಿವಿಯ ತೀರ ಹತ್ತಿರ. ಮೇಲಿನ ಕೋಣೆಯ ಫೋನನ್ನು ದಿಯಾ ಎತ್ತಿದ್ದಳು. "ಯೆಸ್. ಹಿ ಡಿಡ್. ಎವ್ರಿ ಡೇ." ಆಮೇಲೆ ಅವಳು ನಿಲ್ಲಲೇ ಇಲ್ಲ. ಬುಧವಾರ ಹಿಮಕ್ಕೆ ಶಾಲೆಗೆ ರಜೆಯಿತ್ತು, ಬಟ್ಟೆ ಒಗೆಯುವ ಯಂತ್ರದ ಹಿಂದೆ ಬಾಟಲಿ ಸಿಕ್ಕಿತು, ಅಪ್ಪ ಸ್ನಾನಕ್ಕೆ ಹೋದಾಗ ಎಲ್ಲವನ್ನೂ ಸಿಂಕಿಗೆ ಸುರಿದೆ, ಅವರು ಬಂದು ನೋಡಿದರು, ಒಂದು ಮಾತೂ ಬೈಯಲಿಲ್ಲ, ಕಾರಿನ ಡಿಕ್ಕಿಯಲ್ಲಿ ಇನ್ನೊಂದು ಇತ್ತು, ಅದಕ್ಕೇ ಹೊರಗೆ ಹೋದರು, ಬಿದ್ದರು. "ಐ ಡಿಡ್ ಇಟ್, ಡಿಡಂಟ್ ಐ?" ಡಾಕ್ಟರು ತಬ್ಬಿಬ್ಬಾಗಿ, ಇಲ್ಲಮ್ಮ, ಇಲ್ಲ, ನಿನ್ನಿಂದ ಅಲ್ಲ ಎಂದ. ನಮಗೆ ಮೊದಲೇ ಗೊತ್ತಿದ್ದಿದ್ದರೆ ಔಷಧಿ ಕೊಡಬಹುದಿತ್ತು. ಬಂದ ದಿನ ಕೇಳಿದ್ದರು, ಇಲ್ಲ ಎಂದು ಮನೆಯವರೇ ಹೇಳಿದ್ದರು ಎಂದ.

ದಿಯಾ ಅವನ ಮಾತನ್ನು ಅಲ್ಲೇ ತಡೆದಳು.

"ಹೂ ಸೆಡ್ ನೋ?"

ಅಡುಗೆಮನೆಯ ಮೂಲೆಯಲ್ಲಿ ನಿಂತು ಭಾನುಮತಿ ಎಲ್ಲರಿಗೂ ಬೆನ್ನು ಮಾಡಿದ್ದಳು. ಹಿಂದೆ ಯಾರೋ ಟ್ರೇಯ ಹಾಳೆ ಸರಿಪಡಿಸುವ ಚರಪರ ಸದ್ದು. ಅವಳಿಗೆ ಜಾಂಬಿಯಾದ ಆ ಮಾವಿನ ಮರದ ಆಸ್ಪತ್ರೆಯ ಜಗುಲಿ ಕಾಣಿಸಿತು. ತಲೆಗೆ ಚರ್ಚಿನ ಬಿಳಿ ವಸ್ತ್ರ ಕಟ್ಟಿದ್ದ ಒಬ್ಬ ತಾಯಿ ನೆಲದ ಮೇಲೆ ಕುಳಿತಿದ್ದಾಳೆ. ನನ್ನ ಮಗ ಕುಡಿಯುವುದಿಲ್ಲ, ಪ್ರಾರ್ಥನೆಗೆ ಹೋಗುವವನು ಎಂದು ಎರಡು ದಿನ ಸಾಧಿಸಿದ್ದವಳು. ಮಗ ಹೆಕ್ಕಿ ಹೆಕ್ಕಿ ಸತ್ತಿದ್ದಾನೆ. ಭಾನುಮತಿಗೆ ನಿದ್ದೆಗೆಟ್ಟ ಸಿಟ್ಟು. "ಹೇಳೋ ಅವಳಿಗೆ, ನಿನ್ನ ಸುಳ್ಳೇ ನಿನ್ನ ಮಗನನ್ನ ಕೊಂದಿದ್ದು ಅಂತ ಹೇಳೋ" ಎಂದು ತಮ್ಮನಿಗೆ ಕಿರುಚಿದ್ದಳು. ಮುಕುಂದ ಕುಕ್ಕರಗಾಲಲ್ಲಿ ಕುಳಿತು ಮೆಲ್ಲಗೆ ಏನೋ ಹೇಳಿದ. ಆ ತಾಯಿ ಎದ್ದು ಬಂದು ಭಾನುಮತಿಯ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡಳು. ಮನೆಗೆ ನಡೆಯುವಾಗ, "ಅಷ್ಟು ಬೈದರೂ ಯಾಕೋ ಕೈ ಹಿಡಿದಳು?" ಎಂದು ಕೇಳಿದ್ದಳು. "ನೀನು ಅವಳ ಜೊತೆ ಅಳ್ತಾ ಇದೀಯ ಅಂತ ಹೇಳ್ದೆ" ಎಂದಿದ್ದ ಮುಕುಂದ. "ಮತ್ತೇನ್ ಹೇಳ್ಲಿ ಅಕ್ಕ? ಅವಳಿಗೆ ಗೊತ್ತಿಲ್ಲದ್ದೇನೂ ನೀನು ಹೇಳಿರ್ಲಿಲ್ವಲ್ಲ." ತಿಂಗಳುಗಟ್ಟಲೆ ಅವಳು ಅವನ ಮೇಲೆ ಮುನಿಸಿಕೊಂಡಿದ್ದಳು. ದುಭಾಷಿಗೆ ಆಡಿದ್ದನ್ನು ಬದಲಿಸುವ ಹಕ್ಕಿಲ್ಲ ಎಂದು ವಾದಿಸಿದ್ದಳು.

"ನಾನು" ಎಂದಳು ಭಾನುಮತಿ, ಫೋನಿಗೆ. "ನಾನು ಹೇಳಿದೆ, ಮಗು." ಡಾಕ್ಟರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದಳು. ಮೇಲಿನ ಫೋನು ಇಟ್ಟ ಸದ್ದು ಕೇಳಿಸಿತು. ಡಾಕ್ಟರು ಇನ್ನೂ ಏನೋ ಮರ್ಯಾದೆಯ ಮಾತು ಹೇಳುತ್ತಿದ್ದ. ಅವಳು ಕೇಳಿ ಮುಗಿಸಿ, ಥ್ಯಾಂಕ್ಸ್ ಹೇಳಿ, ಮೆಟ್ಟಿಲ ಕಡೆ ನಡೆದಳು. "ಏನಂತೆ ಡಾಕ್ಟ್ರಮ್ಮ?" ಎಂದ ಸುರೇಶ. ಅವಳು ಮೆಟ್ಟಿಲು ಹತ್ತಿದಳು.

ದಿಯಾ ಮಂಚದ ಆ ಪಕ್ಕ ನೆಲದ ಮೇಲೆ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದಳು. ಭಾನುಮತಿ ಮಂಚದ ಈ ಪಕ್ಕ ಕುಳಿತಳು. ಮಂಡಿ ನೆಲಕ್ಕೆ ಇಳಿಯುವ ಹಾಗಿರಲಿಲ್ಲ.

"ಹಿ ಡಿಡಂಟ್ ಈವನ್ ಲುಕ್ ಅಟ್ ಮಿ" ಎಂದಳು ದಿಯಾ. "ಹಿ ಜಸ್ಟ್ ಟುಕ್ ದ ಕೀಸ್."

"ನಾಚಿಕೆಯಿಂದ ನೋಡಿರಲ್ಲ. ನಿನ್ನ ಮೇಲೆ ಸಿಟ್ಟಿಂದ ಅಲ್ಲ."

"ಹೌ ಡು ಯು ನೋ?"

"ನನಗೆ ಗೊತ್ತು. ಅವನನ್ನ ಎತ್ತಿ ಆಡಿಸಿದವಳು ನಾನು." ಅವಳು ಒಂದೊಂದೇ ಪದ ಆರಿಸಿ, ಹುಡುಗಿಗೆ ಅರ್ಥವಾಗುವ ಸುಲಭ ಕನ್ನಡದಲ್ಲಿ ಹೇಳಿದಳು. "ಕೇಳು. ನೀನು ಚೆಲ್ಲಿದ್ದಕ್ಕೆ ಅಪ್ಪ ಸಾಯಲಿಲ್ಲ. ಹಿಮ ಇತ್ತು, ಜಾರಿದ, ಮೂಳೆ ಮುರೀತು. ಅದು ಕೂಡ್ತಿತ್ತು. ದಿನಾ ಕುಡಿಯೋರಿಗೆ ಒಂದೇ ಸಲ ನಿಂತುಹೋದ್ರೆ ಮೈ ತಿರುಗಿ ಬೀಳುತ್ತೆ. ಅದಕ್ಕೆ ಔಷಧಿ ಇದೆ. ಅವರು ಕೇಳಿದ್ರು. ನಾನು ಇಲ್ಲ ಅಂದೆ. ಶುಕ್ರವಾರ ನೋಡಿದಾಗ ನನಗೆ ಗೊತ್ತಾಯ್ತು. ಆಗಲೂ ಹೇಳಲಿಲ್ಲ."

"ಯು ಆರ್ ಎ ಡಾಕ್ಟರ್."

"ಹೌದು."

"ಯು ನ್ಯೂ." ಹುಡುಗಿಯ ದನಿ ಸೀಳಿತು. "ಬಿಕಾಸ್ ಸುರೇಶ್ ಅಂಕಲ್ ವಾಸ್ ಸ್ಟ್ಯಾಂಡಿಂಗ್ ದೇರ್?"

ಅದು ಅಷ್ಟು ಸಣ್ಣದಾಗಿ ಕೇಳಿಸಿತು. ಒಬ್ಬ ಮನುಷ್ಯ, ಅವನ ಬೂಟು, ಆ ಬೂಟಿನ ಮೇಲೆ ಕರಗುತ್ತಿದ್ದ ಹಿಮ.  "ಅವನಿದ್ದ ಅಂತಲೂ ಹೌದು" ಎಂದಳು ಭಾನುಮತಿ. "ನಿಮ್ಮಮ್ಮನಿಗಾಗಿ, ನಿನಗಾಗಿ ಅಂತ ನನಗೆ ನಾನೇ ಹೇಳಿಕೊಂಡೆ. ಅದೆಲ್ಲ ಸುಳ್ಳು. ಈ ಕಾಯಿಲೆ ನಮ್ಮವರಿಗೆ ಬರಲ್ಲ ಅಂದುಕೊಂಡಿದ್ದೆ. ಒಂದೂರು ಜನಕ್ಕೆ ಬಂದದ್ದು ನೋಡಿದ್ದೆ. ಅವರ ಕಾಯಿಲೆ ಅಂದುಕೊಂಡಿದ್ದೆ." ಕೈ ಚಾಚಿ ಹುಡುಗಿಯ ತಲೆ ಮುಟ್ಟಿದಳು. ದಿಯಾ ತಲೆ ಸರಿಸಿಕೊಂಡಳು. ಒರಟಾಗಿ ಅಲ್ಲ, ಬಿಸಿ ಪಾತ್ರೆಯಿಂದ ಸರಿಯುವ ಹಾಗೆ. "ಸೋ ಇಟ್ ವಾಸಂಟ್ ಮಿ" ಎಂದಳು, ಗೋಡೆಗೆ. "ನೀನಲ್ಲ" ಎಂದಳು ಭಾನುಮತಿ. ಆಗ, ಬೆಳಗಿನಿಂದ ಮೊದಲ ಸಲ, ಹುಡುಗಿ ಅತ್ತಳು, ಮುಖವನ್ನು ಗೋಡೆಗೆ ಒತ್ತಿ, ಬಾಯಿ ತೆರೆದು, ಮುಕುಂದ ಚಿಕ್ಕವನಿದ್ದಾಗ ಅಳುತ್ತಿದ್ದಂತೆ ಗುಟುಕು ಗುಟುಕಾಗಿ. ಭಾನುಮತಿಗೆ ಎದ್ದು ಹೋಗಲೂ ಆಗಲಿಲ್ಲ, ಹತ್ತಿರ ಹೋಗಲೂ ಆಗಲಿಲ್ಲ. ಮಂಚದ ಅಂಚಿನಲ್ಲಿ ಕುಳಿತೇ ಇದ್ದಳು. ಬಾಗಿಲ ಹೊರಗೆ ನಿಂತಿದ್ದ ದುಃಖ ಆಗ ಒಳಗೆ ಬಂತು. ಜಗತ್ತಿನ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆಂದು ಮೂರು ವಾರದ ಹಿಂದೆ ಊರೇ ಹೆದರಿತ್ತು. ಎರಡು ಸಾವಿರದ ಇಸವಿ ಬಂತು, ಏನೂ ನಿಲ್ಲಲಿಲ್ಲ, ಆ ಭಯವನ್ನು ರಿಪೇರಿ ಮಾಡಲು ಇಟ್ಟುಕೊಂಡಿದ್ದ ಮುಕುಂದನ ಕೆಲಸ ಮಾತ್ರ ನಿಂತಿತು. ಬೆಳಿಗ್ಗೆ ಟೈ ಕಟ್ಟಿಕೊಂಡು ಹೋಗುವ ಕಡೆಯಿಲ್ಲದೆ ಅಡುಗೆಮನೆಯಲ್ಲಿ ನಿಂತು, "ಅಕ್ಕ, ತರಕಾರಿ ಹೆಚ್ಚಿಕೊಡ್ಲಾ?" ಎಂದು ಕೇಳಿದ್ದ. ಕೈ ನಡುಗುತ್ತಿತ್ತು. "ಬೇಡ, ಬೆರಳು ಕುಯ್ಕೋತೀಯ" ಎಂದಿದ್ದಳು. ಅವನ ಕಡೆಗೆ ತಿರುಗಿಯೂ ನೋಡದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಲ್‌ನಲ್ಲಿ ಮುಕುಂದನ ಫೋಟೋ ಇಟ್ಟರು. ಫೋಟೋಗೆ ಹಾರ ಹಾಕುವಾಗ ಎತ್ತರ ಸಾಲದೆ ನೀತಾ ಫೋನ್ ಡೈರೆಕ್ಟರಿಯನ್ನು ಅದರ ಕೆಳಗಿಟ್ಟಳು. ಚಿತ್ರಾ ಕೋಟು ಬಿಚ್ಚಿದ್ದಳು. ದಿಯಾ ಮೆಟ್ಟಿಲು ಇಳಿದು ಬಂದು ಗೋಡೆಗೊರಗಿ ನಿಂತಳು, ಅಮ್ಮನ ಪಕ್ಕದಲ್ಲಿ ಅಲ್ಲ, ಅತ್ತೆಯ ಪಕ್ಕದಲ್ಲೂ ಅಲ್ಲ. ಸುರೇಶ ಗಂಟಲು ಸರಿಮಾಡಿಕೊಂಡು, "ಡಾಕ್ಟ್ರಮ್ಮ, ಇಲ್ಲಿ ನೀವೇ ಹಿರಿಯರು. ಎರಡು ಮಾತು ಪ್ರಾರ್ಥನೆ ನೀವೇ ಹೇಳ್ಬೇಕು. ನಾಳೆ ಎಲ್ಲರಿಗೂ ಇಮೇಲ್ ಕಳಿಸ್ತೀನಿ. ಹೃದಯಾಘಾತ ಅಂತ ಹಾಕಿದ್ರೆ ಸಾಕಲ್ಲ?" ಎಂದ.

ಭಾನುಮತಿ ಮದುವೆಯಾಗಿ ಗೋತ್ರ ಬದಲಾದವಳು. ಮಂತ್ರದ ಅಧಿಕಾರ ತನಗಿಲ್ಲವೆಂದು ಹಿಂದೆ ಸರಿಯಬಹುದಿತ್ತು. ಸರಿಯಲಿಲ್ಲ. ಕೈ ಮುಗಿದಳು. ಗೊತ್ತಿದ್ದ ಶ್ಲೋಕಗಳೆಲ್ಲ ನಾಲಿಗೆಯ ತುದಿಯಲ್ಲಿ ಸಾಲಾಗಿ ಬಂದು ನಿಂತವು. ಒಂದರ ಹಿಂದೆಯೂ ಅಡಗಬಾರದು ಎನ್ನಿಸಿತು. ಕಣ್ಣು ಮುಚ್ಚದೆ, ಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದಳು.

"ನಾರಾಯಣಾ, ಇವನು ನನ್ನ ತಮ್ಮ ಮುಕುಂದ. ಇವನು ಕುಡಿಯುತ್ತಿದ್ದ. ನಿನಗೆ ಅದು ಗೊತ್ತು, ಇಲ್ಲಿ ನಿಂತವರಿಗೂ ಗೊತ್ತು."

"ಅಕ್ಕಾ" ಎಂದಳು ಚಿತ್ರಾ, ಹಲ್ಲು ಕಚ್ಚಿ. "ಅಕ್ಕಾ, ಬೇಡ."

"ಆಂಟಿ ಶಾಕ್‌ನಲ್ಲಿದಾರೆ" ಎಂದು ನೀತಾ ಪಿಸುಗುಟ್ಟಿದಳು. ಸುರೇಶ ಅವಳ ಮೊಣಕೈ ಹಿಡಿದು ಸುಮ್ಮನಿರಿಸಿದ. ಅವನು ಈ ಸಲ ಬೂಟು ನೋಡಿಕೊಳ್ಳಲಿಲ್ಲ, ಕಾಲಲ್ಲಿ ಬೂಟಿರಲಿಲ್ಲ. ಚಿತ್ರಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವಳ ಭುಜ ಅಲುಗುವುದು ಸಿಟ್ಟಿಗೋ ಅಳುವಿಗೋ ತಿಳಿಯುವಂತಿರಲಿಲ್ಲ. ದಿಯಾ ಮಾತ್ರ ತಲೆಯೆತ್ತಿ ನೇರ ಅತ್ತೆಯ ಕಡೆ ನೋಡುತ್ತಿದ್ದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ. ಕೇಳಿಸಿಕೊಳ್ಳುವುದು ಇತ್ತು. ಭಾನುಮತಿಗೆ ಅಷ್ಟೇ ಸಾಕೆನ್ನಿಸಿತು, ಮತ್ತು ಅದಕ್ಕಿಂತ ಹೆಚ್ಚಿಗೆ ತನಗೆ ಸಲ್ಲದೆಂದೂ ಅನ್ನಿಸಿತು.

"ಅವನಿಗೆ ಕಾಯಿಲೆ ಇತ್ತು. ಅದನ್ನು ಹೇಳಬೇಕಾದ ಹೊತ್ತಿನಲ್ಲಿ ನಾನು ಮುಚ್ಚಿಟ್ಟೆ. ಅದರ ಫಲ ನನಗಿರಲಿ, ಈ ಮಗುವಿಗೆ ಬೇಡ, ಇವಳ ತಾಯಿಗೂ ಬೇಡ. ಅವನು ಯಾರಿಗೂ ನೋಯುವ ಮಾತು ಆಡಿದವನಲ್ಲ. ನನ್ನ ಬಾಯಿಂದ ಬಂದ ಕಠಿಣ ಮಾತನ್ನೂ ತಿದ್ದಿ ಹೇಳಿದವನು. ಈ ಕಾಯಿಲೆಯಿಂದ ಇವನ ಹಾಗೆಯೇ ಹೋದವರು ಎಷ್ಟೋ ಜನ. ಯಾವ ನೆಲದವರೋ, ಯಾವ ದೇವರನ್ನು ಕರೆದವರೋ, ಅವರ ಹೆಸರು ನಾನು ಕೇಳಿಯೂ ನೆನಪಿಡಲಿಲ್ಲ. ಅವರ ತಾಯಂದಿರನ್ನು ಬೈದೆ. ಅವರನ್ನೂ ಇವನ ಜೊತೆ ಕೂರಿಸಿಕೊ. ತಂದೆಯೇ, ಅವನ ಬಾಯಾರಿಕೆ ತೀರಲಿ. ಅವನ ಕೈ ನಡುಗದಿರಲಿ. ಯಾರಿಗೂ ಏನನ್ನೂ ಮುಚ್ಚಿಡಬೇಕಿಲ್ಲದ ಕಡೆ ಅವನಿಗೆ ಜಾಗ ಕೊಡು. ನನ್ನ ತಮ್ಮನಿಗೆ ಶಾಂತಿ ಕೊಡು, ನಾರಾಯಣಾ."